ದಪ್ಪ ಓರೆ ಅಕ್ಷರಗಳನ್ನು ಆರಿಸುವ, ಜೋಡಿಸುವ, ಕನ್ನಡದ ಪಕ್ಕ ಕೂರಿಸುವ ಕ್ರಮ

ಫಾಂಟ್ ಪಟ್ಟಿಯಲ್ಲಿ ಬೋಲ್ಡ್ ಇಟಾಲಿಕ್, ಬೋಲ್ಡ್ ಆಬ್ಲಿಕ್, ಹೆವಿ ಇಟಾಲಿಕ್, ಬ್ಲ್ಯಾಕ್ ಇಟಾಲಿಕ್ ಎಂಬ ಹೆಸರುಗಳಲ್ಲಿ ಸಿಗುವ ಸ್ಯಾನ್ಸ್ ಸೆರಿಫ್ ಅಕ್ಷರಗಳು, ಅಂದರೆ ಗೆರೆಗಳ ತುದಿಯಲ್ಲಿ ಚಿಕ್ಕ ಚಾಚುಗಳಿಲ್ಲದ ಅಕ್ಷರಗಳು, ಸಾವಧಾನವಾಗಿ ಓದಿಸಿಕೊಳ್ಳುವುದಕ್ಕೆಂದು ರೂಪುಗೊಂಡವಲ್ಲ. ಅವುಗಳಲ್ಲಿ ದಪ್ಪವೂ ಒಂದು ಒತ್ತು, ಬಲಕ್ಕೆ ವಾಲಿರುವುದೂ ಒಂದು ಒತ್ತು. ಎರಡೂ ಒಂದೇ ಪದದ ಮೇಲೆ ಬಿದ್ದಾಗ ಆ ಪದ ಪುಟದಲ್ಲಿರುವ ಉಳಿದೆಲ್ಲವನ್ನೂ ಹಿಂದಕ್ಕೆ ತಳ್ಳಿ ಮುಂದೆ ಬರುತ್ತದೆ. ಈ ಶಕ್ತಿಯನ್ನು ಅರಿತು ನಾಲ್ಕಾರು ಪದಗಳಿಗೆ ಮಾತ್ರ ಬಳಸಿ, ಸುತ್ತಲಿನದನ್ನೆಲ್ಲ ನೇರವಾಗಿಯೂ ಶಾಂತವಾಗಿಯೂ ಇಟ್ಟರೆ, ಪೋಸ್ಟರು, ಬ್ಯಾನರು, ಪುಸ್ತಕದ ಹೊದಿಕೆ ಮತ್ತು ಅಂಗಡಿಯ ಫಲಕಗಳಲ್ಲಿ ಇಷ್ಟು ಪರಿಣಾಮ ಬೀರುವ ಮತ್ತೊಂದು ಅಕ್ಷರರೂಪ ಸಿಗುವುದು ಕಷ್ಟ. ಇಡೀ ಪುಟವನ್ನು ಅದರಲ್ಲೇ ತುಂಬಿದರೆ ಎಲ್ಲವೂ ಕೂಗುತ್ತವೆ, ಯಾವುದೂ ಕೇಳಿಸುವುದಿಲ್ಲ. ಸಂಘದ ಕಾರ್ಯಕ್ರಮಕ್ಕೋ ಸಣ್ಣ ವ್ಯಾಪಾರಕ್ಕೋ ಬೇಕಾದ ವಿನ್ಯಾಸವನ್ನು ತಾವೇ ಮಾಡಿಕೊಳ್ಳುವವರು ಈ ಅಕ್ಷರಗಳನ್ನು ಹೇಗೆ ಪರೀಕ್ಷಿಸಿ ಆರಿಸಬೇಕು, ಹೇಗೆ ಜೋಡಿಸಬೇಕು, ಕನ್ನಡದ ಜೊತೆಗೆ ಇಡುವಾಗ ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಒಂದು ಮಾದರಿ: ಫ್ಯೂಚುರಾ ಬೋಲ್ಡ್ ಆಬ್ಲಿಕ್

ಎದುರಿಗಿಟ್ಟುಕೊಂಡು ಕಲಿಯಲು ಫ್ಯೂಚುರಾ ಬೋಲ್ಡ್ ಆಬ್ಲಿಕ್‌ಗಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ. ಪೌಲ್ ರೆನ್ನರ್ ರೂಪಿಸಿದ ಫ್ಯೂಚುರಾವನ್ನು ಜರ್ಮನಿಯ ಫ್ರಾಂಕ್‌ಫರ್ಟಿನ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಬಿಡುಗಡೆ ಮಾಡಿತು. ವೃತ್ತ, ತ್ರಿಕೋನ, ಸರಳರೇಖೆಗಳಿಂದ ಕಟ್ಟಿದಂತೆ ಕಾಣುವ ಆ ಅಕ್ಷರಕುಟುಂಬಕ್ಕೆ ಓರೆ ರೂಪಗಳು ಆಮೇಲೆ ಸೇರಿದವು. ಅವುಗಳಲ್ಲಿ ಕೈಬರಹದ ನೆನಪು ಇಲ್ಲ. ನೇರ ರೂಪದಲ್ಲಿ ಇಂಗ್ಲಿಷಿನ ಸಣ್ಣ ‘ಎ’ (a) ಹೇಗೆ ಒಂದು ಉರುಟು ಮತ್ತು ಒಂದು ಕಂಬವಾಗಿದೆಯೋ ಓರೆ ರೂಪದಲ್ಲೂ ಹಾಗೆಯೇ ಇದೆ. ಆದ್ದರಿಂದ ಅದರ ಓರೆತನದಲ್ಲಿ ಮೃದುತ್ವಕ್ಕಿಂತ ರಭಸ ಹೆಚ್ಚು. ದಪ್ಪವಾದಾಗ ಆ ರಭಸಕ್ಕೆ ತೂಕವೂ ಸೇರುತ್ತದೆ.

ಈ ಅಕ್ಷರವನ್ನು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಬಳಸಿದ ಬಗೆಯನ್ನು ವಿನ್ಯಾಸ ಕಲಿಯುವ ಪ್ರತಿಯೊಬ್ಬರೂ ಗಮನವಿಟ್ಟು ನೋಡಬೇಕು. ಕಾಂಡೇ ನಾಸ್ಟ್ ಸಂಸ್ಥೆಯ ಪತ್ರಿಕೆಯಲ್ಲಿ ವಿನ್ಯಾಸಕಿಯಾಗಿ ದುಡಿದಿದ್ದ ಅವರು 1980ರ ದಶಕದಲ್ಲಿ ಕಪ್ಪು ಬಿಳುಪು ಛಾಯಾಚಿತ್ರಗಳ ಮೇಲೆ ಕೆಂಪು ಪಟ್ಟಿಗಳನ್ನಿಟ್ಟು, ಪಟ್ಟಿಯೊಳಗೆ ಬಿಳಿಯ ಬಣ್ಣದಲ್ಲಿ ಫ್ಯೂಚುರಾ ಬೋಲ್ಡ್ ಆಬ್ಲಿಕ್ ಅಕ್ಷರಗಳನ್ನು ಕೂರಿಸುವ ಕ್ರಮವನ್ನು ತಮ್ಮದಾಗಿಸಿಕೊಂಡರು. ವಾಷಿಂಗ್ಟನ್ನಿನಲ್ಲಿ ನಡೆದ ಮಹಿಳಾ ಮೆರವಣಿಗೆಗಾಗಿ 1989ರಲ್ಲಿ ಅವರು ಮಾಡಿದ ಪ್ರಸಿದ್ಧ ಪೋಸ್ಟರಿನಲ್ಲಿ, ಹೆಣ್ಣಿನ ದೇಹವೇ ರಣಭೂಮಿಯಾಗಿದೆ ಎಂಬ ಮುಖ್ಯ ಮಾತು ಇಂಗ್ಲಿಷಿನಲ್ಲಿ ಐದೇ ಪದಗಳಲ್ಲಿದೆ. ಚಿತ್ರಕ್ಕೆ ಬಣ್ಣವಿಲ್ಲ, ಪಟ್ಟಿಗಳು ಅಡ್ಡಕ್ಕೆ ನೇರವಾಗಿವೆ, ಅಕ್ಷರ ಮಾತ್ರ ವಾಲಿದೆ. ಇಡೀ ಚೌಕಟ್ಟು ನಿಶ್ಚಲವಾಗಿರುವುದರಿಂದಲೇ ಆ ಓರೆತನ ಕಣ್ಣಿಗೆ ಹೊಡೆಯುತ್ತದೆ. ನ್ಯೂಯಾರ್ಕಿನಲ್ಲಿ 1994ರಲ್ಲಿ ಆರಂಭವಾದ ಸುಪ್ರೀಮ್ ಎಂಬ ಉಡುಪಿನ ಕಂಪನಿಯ ಕೆಂಪು ಆಯತದ ಲಾಂಛನದಲ್ಲಿ ಇದೇ ಕುಟುಂಬದ ಹೆವಿ ಆಬ್ಲಿಕ್ ಇದೆ. ಪ್ರತಿಭಟನೆಗೂ ಮಾರಾಟಕ್ಕೂ ಒಂದೇ ದನಿ ಒದಗಿಬಂದದ್ದನ್ನು ನೋಡಿದರೆ, ಅಕ್ಷರಕ್ಕೆ ತನ್ನದೇ ಆದ ಅರ್ಥವಿಲ್ಲ, ಅದು ಆಡಿದ ಮಾತನ್ನು ಜೋರಾಗಿ ಆಡುತ್ತದೆ ಅಷ್ಟೇ ಎಂದು ನನಗನ್ನಿಸುತ್ತದೆ. ಹಾಗಾಗಿ ಮೊದಲು ಮಾತು ಗಟ್ಟಿಯಾಗಿರಬೇಕು. ಸಪ್ಪೆ ವಾಕ್ಯವನ್ನು ಈ ಅಕ್ಷರದಲ್ಲಿ ಬರೆದರೆ ಅದರ ಸಪ್ಪೆತನವೇ ದೊಡ್ಡದಾಗಿ ಕಾಣುತ್ತದೆ.

ನಿಜವಾದ ಓರೆಯೋ, ಯಂತ್ರ ವಾಲಿಸಿದ್ದೋ ಪರೀಕ್ಷಿಸುವುದು

ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ತಂತ್ರಾಂಶದಲ್ಲಿ ಬೋಲ್ಡ್ ಮತ್ತು ಇಟಾಲಿಕ್ ಗುಂಡಿಗಳನ್ನು ಒತ್ತಿದಾಗ, ಆ ಫಾಂಟಿಗೆ ವಿನ್ಯಾಸಕರು ಪ್ರತ್ಯೇಕವಾಗಿ ಬರೆದ ದಪ್ಪ ಓರೆ ರೂಪವಿದ್ದರೆ ಅದು ತೆರೆಯ ಮೇಲೆ ಬರುತ್ತದೆ. ಇಲ್ಲದಿದ್ದರೆ ಅನೇಕ ತಂತ್ರಾಂಶಗಳು ನೇರ ಅಕ್ಷರವನ್ನೇ ಹಿಡಿದು ಬಲಕ್ಕೆ ತಳ್ಳಿ, ಅಂಚಿಗೆ ಒಂದಿಷ್ಟು ದಪ್ಪ ಬಳಿದು, ಕೆಲಸ ಮುಗಿಸುತ್ತವೆ. ದೂರದಿಂದ ಎರಡೂ ಒಂದೇ ತರಹ ಕಾಣಬಹುದು. ಒಂದು ಅಡಿ ಎತ್ತರಕ್ಕೆ ಮುದ್ರಿಸಿದಾಗ ವ್ಯತ್ಯಾಸ ಯಾರಿಗಾದರೂ ತಿಳಿಯುತ್ತದೆ, ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಎನ್ನಿಸುತ್ತದೆ.

ಕಾರಣ ಲೆಕ್ಕದಲ್ಲಿದೆ. ಎಲ್ಲ ಕಡೆ ಒಂದೇ ದಪ್ಪವಿರುವ ಒಂದು ಉಂಗುರವನ್ನು, ಅಂದರೆ ಇಂಗ್ಲಿಷಿನ ದೊಡ್ಡ ‘ಓ’ವನ್ನು, 12 ಡಿಗ್ರಿ ಬಲಕ್ಕೆ ವಾಲಿಸಿದರೆ ಅದು ಓರೆಯಾದ ಮೊಟ್ಟೆಯಾಕಾರವಾಗುತ್ತದೆ. ಆಗ ಮೇಲಿನ ಬಲ ಮೂಲೆಯಲ್ಲೂ ಕೆಳಗಿನ ಎಡ ಮೂಲೆಯಲ್ಲೂ ಗೆರೆ ಸುಮಾರು ಶೇಕಡಾ 11ರಷ್ಟು ದಪ್ಪವಾಗುತ್ತದೆ, ಉಳಿದೆರಡು ಮೂಲೆಗಳಲ್ಲಿ ಸುಮಾರು ಶೇಕಡಾ 10ರಷ್ಟು ತೆಳ್ಳಗಾಗುತ್ತದೆ. ನೆಟ್ಟಗೆ ನಿಂತ ಕಂಬಗಳಲ್ಲಿ ಈ ಬದಲಾವಣೆ ಶೇಕಡಾ 2ರಷ್ಟು ಮಾತ್ರ. ಹಾಗಾಗಿ ಯಂತ್ರ ವಾಲಿಸಿದ ಪದದಲ್ಲಿ ಕಂಬಗಳು ಸರಿಯಾಗಿಯೇ ಇದ್ದು, ಉರುಟುಗಳು ಮಾತ್ರ ಒಂದು ಕಡೆ ಊದಿಕೊಂಡು ಇನ್ನೊಂದು ಕಡೆ ಸೊರಗಿ ಕಾಣುತ್ತವೆ. ದೊಡ್ಡ ‘ಎ’ ಅಕ್ಷರದಲ್ಲಿ ಎಡಗಾಲು ಇನ್ನಷ್ಟು ಮಲಗಿ ತೆಳ್ಳಗಾಗುತ್ತದೆ, ಬಲಗಾಲು ನೆಟ್ಟಗೆ ನಿಂತು ದಪ್ಪವಾಗುತ್ತದೆ. ‘ಎಸ್’ ಅಕ್ಷರದ ನಡುಬೆನ್ನು ತುಂಬಿಕೊಳ್ಳುತ್ತದೆ. ಗೆರೆ ತೆಳ್ಳಗಿದ್ದರೆ ಇದು ಕಣ್ತಪ್ಪಿಸಿಕೊಳ್ಳಬಹುದು, ಬೋಲ್ಡ್‌ನಲ್ಲಿ ತಪ್ಪಿಸಿಕೊಳ್ಳುವುದಿಲ್ಲ.

ಅಚ್ಚುಕಟ್ಟಾದ ಕುಟುಂಬಗಳಲ್ಲಿ ವಿನ್ಯಾಸಕರು ಈ ವಿಕಾರಗಳನ್ನೆಲ್ಲ ಒಂದೊಂದಾಗಿ ತಿದ್ದಿರುತ್ತಾರೆ. ಆದ್ದರಿಂದ ಪರೀಕ್ಷೆ ಸುಲಭ: ಫಾಂಟಿನ ಓರೆ ರೂಪದಲ್ಲಿ ‘ಓ’, ‘ಎಸ್’, ‘ಎ’ ಈ ಮೂರು ದೊಡ್ಡಕ್ಷರಗಳನ್ನು ತೆರೆ ತುಂಬುವಷ್ಟು ಹಿಗ್ಗಿಸಿ, ಪಕ್ಕದಲ್ಲೇ ನೇರ ರೂಪದ ಅದೇ ಅಕ್ಷರಗಳನ್ನು ಕೈಯಾರೆ ಅಷ್ಟೇ ಕೋನಕ್ಕೆ ವಾಲಿಸಿ ಇಟ್ಟುಕೊಳ್ಳಿರಿ. ಎರಡೂ ಗೆರೆಗೆ ಗೆರೆ ಹೊಂದಿದರೆ ಓರೆ ರೂಪವನ್ನು ಯಾರೂ ಬರೆದಿಲ್ಲ ಎಂದೇ ಅರ್ಥ. ಅದನ್ನು ಪುಸ್ತಕದ ಒಳಪುಟಕ್ಕೆ ಬಳಸಿದರೂ ಫಲಕಕ್ಕೆ ಬಳಸಬಾರದು.

ಓರೆ ರೂಪಗಳಲ್ಲೇ ಎರಡು ಮನೋಧರ್ಮಗಳಿವೆ ಎಂಬುದನ್ನೂ ಇಲ್ಲಿ ಗಮನಿಸಬೇಕು. 1957ರಲ್ಲಿ ಬಂದ ಹೆಲ್ವೆಟಿಕಾ ಮತ್ತು ಯೂನಿವರ್ಸ್‌ಗಳಲ್ಲಿ, ಫ್ಯೂಚುರಾದಲ್ಲಿರುವಂತೆಯೇ, ಅಕ್ಷರದ ಎಲುಬು ಬದಲಾಗದೆ ವಾಲಿರುತ್ತದೆ. ಕಂಪ್ಯೂಟರುಗಳಲ್ಲಿ ಬಳಕೆಗೆ ಬಂದ ಹೆಲ್ವೆಟಿಕಾ ಬೋಲ್ಡ್ ಆಬ್ಲಿಕ್‌ನ ಕೋನ 12 ಡಿಗ್ರಿ. ಆದರೆ ಎರಿಕ್ ಗಿಲ್ 1928ರ ಸುಮಾರಿಗೆ ಮಾನೋಟೈಪ್ ಕಂಪನಿಗಾಗಿ ಆರಂಭಿಸಿದ ಗಿಲ್ ಸ್ಯಾನ್ಸ್‌ನ ಇಟಾಲಿಕ್‌ನಲ್ಲಿ ಎಲುಬೇ ಬೇರೆ: ನೇರ ರೂಪದಲ್ಲಿ ಎರಡು ಅಂತಸ್ತಿರುವ ಸಣ್ಣ ‘ಎ’ ಓರೆಯಾದಾಗ ಒಂದೇ ಅಂತಸ್ತಿಗೆ ಇಳಿಯುತ್ತದೆ, ಸಣ್ಣ ‘ಪಿ’ಯಲ್ಲಿ ಲೇಖನಿಯ ಎಳೆತ ಉಳಿದಿದೆ. ಮೊದಲನೆಯ ಬಗೆ ಕ್ರೀಡೆ, ಯಂತ್ರ, ವೇಗ, ಘೋಷಣೆಗಳಿಗೆ ಹೊಂದುತ್ತದೆ. ಆಹಾರ, ನಾಟಕ, ಸಾಹಿತ್ಯದ ಕಾರ್ಯಕ್ರಮಗಳಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ, ಏಕೆಂದರೆ ಅದರ ದಪ್ಪದಲ್ಲೂ ಒಂದು ಬಗೆಯ ಸೌಜನ್ಯ ಉಳಿದಿರುತ್ತದೆ.

ಹುಡುಕುವಾಗ ಹೆಸರುಗಳು ಗೊಂದಲ ಮಾಡಬಹುದು. ಯೂನಿವರ್ಸ್‌ಗಾಗಿ ಅದನ್ನು ರೂಪಿಸಿದ ಆಡ್ರಿಯನ್ ಫ್ರೂಟಿಗರ್ ಹೆಸರುಗಳ ಬದಲು ಅಂಕಿಗಳನ್ನೇ ಕೊಟ್ಟರು: ಮೊದಲ ಅಂಕಿ ದಪ್ಪವನ್ನು ಹೇಳುತ್ತದೆ, ಎರಡನೆಯದು ಅಗಲವನ್ನೂ ಓರೆಯನ್ನೂ ಹೇಳುತ್ತದೆ. 55 ಸಾಮಾನ್ಯ ನೇರ ರೂಪ, 56 ಅದರ ಓರೆ, 65 ದಪ್ಪ, 66 ದಪ್ಪ ಓರೆ. ಬೇರೆ ಕುಟುಂಬಗಳಲ್ಲಿ ಹೆವಿ ಎಂಬುದು ಒಂದರಲ್ಲಿ ಬೋಲ್ಡ್‌ಗಿಂತ ತೆಳು, ಇನ್ನೊಂದರಲ್ಲಿ ದಪ್ಪ ಆಗಿರುವುದುಂಟು, ಆದ್ದರಿಂದ ಹೆಸರನ್ನು ನಂಬದೆ ಕಣ್ಣಿನಿಂದ ನೋಡಿಯೇ ಆರಿಸಬೇಕು. ಹಣ ಕೊಟ್ಟು ಫ್ಯೂಚುರಾ ಕೊಳ್ಳಲಾಗದವರಿಗೆ ಅದರ ಸ್ಫೂರ್ತಿಯಿಂದ ಬಂದ ಜಾಸ್ಟ್ ಉಚಿತವಾಗಿ ಸಿಗುತ್ತದೆ; ಮಾಂಟ್ಸೆರಾಟ್, ಪಾಪಿನ್ಸ್, ಬಾರ್ಲೋ, ಫೀರಾ ಸ್ಯಾನ್ಸ್ ಇವೂ ದಪ್ಪ ಓರೆ ರೂಪಗಳೊಂದಿಗೆ ಗೂಗಲ್ ಫಾಂಟ್ಸ್‌ನಲ್ಲಿ ಇವೆ.

ಜೋಡಣೆ

ಪದಗಳ ಸಂಖ್ಯೆಯನ್ನು ಏಳೆಂಟರೊಳಗೆ ಇರಿಸಿಕೊಳ್ಳಿರಿ. ಅದಕ್ಕಿಂತ ಹೆಚ್ಚಾದರೆ ಮುಖ್ಯವಾದ ತುಣುಕನ್ನು ಮಾತ್ರ ದಪ್ಪ ಓರೆಯಲ್ಲಿಟ್ಟು ಉಳಿದದ್ದನ್ನು ಅದೇ ಕುಟುಂಬದ ಸಾಮಾನ್ಯ ನೇರ ರೂಪಕ್ಕೆ ಇಳಿಸಬೇಕು. ದಿನಾಂಕ, ಸ್ಥಳ, ದೂರವಾಣಿ ಸಂಖ್ಯೆ ಇವು ಯಾವತ್ತೂ ನೇರವಾಗಿಯೇ ಇರಬೇಕು. ಅವುಗಳನ್ನು ಓದುವವರು ನಿಂತು ಬರೆದುಕೊಳ್ಳುವವರು, ಓಡುತ್ತಿರುವವರಲ್ಲ.

ಗಾತ್ರ ದೊಡ್ಡದಾದಂತೆ ಅಕ್ಷರಗಳ ನಡುವಿನ ಜಾಗ ತಾನಾಗಿ ಸಡಿಲವಾಗಿ ಕಾಣುತ್ತದೆ, ಆದ್ದರಿಂದ ದೊಡ್ಡ ಶೀರ್ಷಿಕೆಗಳಲ್ಲಿ ಟ್ರ್ಯಾಕಿಂಗ್ ಅನ್ನು, ಅಂದರೆ ಈ ಜಾಗವನ್ನು, ಸ್ವಲ್ಪ ಬಿಗಿಗೊಳಿಸುವುದು ವಾಡಿಕೆ. ದಪ್ಪ ಅಕ್ಷರದಲ್ಲಿ ಇದಕ್ಕೊಂದು ಮಿತಿಯಿದೆ: ಎರಡು ಅಕ್ಷರಗಳ ನಡುವಿನ ಜಾಗ, ಅಕ್ಷರದೊಳಗಿನ ಖಾಲಿ ಜಾಗಕ್ಕಿಂತ ತೀರ ಕಡಿಮೆಯಾದರೆ ಪದ ಒಂದೇ ಮುದ್ದೆಯಾಗುತ್ತದೆ. ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದರೆ ಬಿಗಿಗೊಳಿಸುವುದಕ್ಕೆ ಬದಲಾಗಿ ಕೂದಲೆಳೆಯಷ್ಟು ಸಡಿಲಿಸುವುದೇ ಲೇಸು. ಓರೆ ಅಕ್ಷರದ ಕೊನೆಗೆ ನೇರ ಆವರಣ ಚಿಹ್ನೆಯೋ ಉದ್ಧರಣ ಚಿಹ್ನೆಯೋ ಬಂದರೆ ಅಕ್ಷರದ ತಲೆ ಅದಕ್ಕೆ ತಾಗುತ್ತದೆ. ಆ ಚಿಹ್ನೆಗಳನ್ನೂ ಓರೆಯಲ್ಲೇ ಇಡಬೇಕು, ಅಥವಾ ನಡುವೆ ಕೈಯಾರೆ ಜಾಗ ಬಿಡಿಸಬೇಕು.

ಸಾಲುಗಳು ಎರಡೋ ಮೂರೋ ಇದ್ದಾಗ ಎಡ ಅಂಚಿನ ಪ್ರಶ್ನೆ ಏಳುತ್ತದೆ, ಮತ್ತು ಈ ಅಕ್ಷರದ ಸೊಗಸೆಲ್ಲ ಕೈಗೂಡುವುದು ಅಥವಾ ಕೈತಪ್ಪುವುದು ಇಲ್ಲಿಯೇ ಎಂದು ಹೇಳಬಹುದು. ಒಂದು ದಾರಿ, ಕ್ರೂಗರ್ ಅನುಸರಿಸಿದಂತೆ, ಸಾಲುಗಳನ್ನು ನೇರ ಅಂಚಿನ ಪಟ್ಟಿಗಳೊಳಗೆ ಕೂಡಿಸುವುದು. ಇನ್ನೊಂದು ದಾರಿ, ಸಾಲುಗಳ ಆರಂಭವೇ ಅಕ್ಷರದ ಓರೆಯನ್ನು ಅನುಸರಿಸಿ ಮೆಟ್ಟಿಲಿನಂತೆ ಇಳಿಯುವುದು. ಇದಕ್ಕೆ ಅಂದಾಜು ಸಾಲದು, ಲೆಕ್ಕ ಬೇಕು. ಅಕ್ಷರದ ಕೋನ 12 ಡಿಗ್ರಿ ಇದ್ದು, ಒಂದು ಸಾಲಿನ ತಳಗೆರೆಯಿಂದ (ಅಕ್ಷರಗಳು ನಿಂತಿರುವ ಗೆರೆಯಿಂದ) ಮುಂದಿನ ಸಾಲಿನ ತಳಗೆರೆಗೆ 50 ಮಿಲಿಮೀಟರ್ ಇದ್ದರೆ, ಕೆಳಗಿನ ಸಾಲು ಎಡಕ್ಕೆ ಸುಮಾರು 10.6 ಮಿಲಿಮೀಟರ್ ಸರಿಯಬೇಕು. 12 ಡಿಗ್ರಿಗೆ ಸಾಲಂತರದ 0.21 ಪಾಲು, 8 ಡಿಗ್ರಿಗೆ 0.14 ಪಾಲು, 14 ಡಿಗ್ರಿಗೆ 0.25 ಪಾಲು ಎಂದು ಲೆಕ್ಕ ಹಿಡಿಯಬಹುದು. ಹೀಗೆ ಸರಿಸಿದಾಗ ಮೊದಲ ಸಾಲಿನ ಮೊದಲ ಅಕ್ಷರದ ಕಂಬ ಹಿಡಿದ ಓರೆಗೆರೆ ಮೂರನೆಯ ಸಾಲಿನ ಬುಡದವರೆಗೆ ಮುರಿಯದೆ ಇಳಿಯುತ್ತದೆ. ಲೆಕ್ಕವಿಲ್ಲದೆ ಕಣ್ಣಳತೆಯಲ್ಲಿ ಸರಿಸಿದ ಸಾಲುಗಳು ಬೀಳುತ್ತಿರುವಂತೆ ಕಾಣುತ್ತವೆ.

ಪಟ್ಟಿಯೊಳಗೆ ಒಂದೇ ಪದವನ್ನು ಮಧ್ಯಕ್ಕೆ ಇಡುವಾಗ ತಂತ್ರಾಂಶದ ಮಧ್ಯವನ್ನು ಕುರುಡಾಗಿ ನಂಬಬೇಡಿರಿ. ಪದದ ಎಡಗಡೆ ಮೇಲ್ಭಾಗದಲ್ಲಿ ಒಂದು ತ್ರಿಕೋನಾಕಾರದ ಖಾಲಿ ಜಾಗ, ಬಲಗಡೆ ಕೆಳಭಾಗದಲ್ಲಿ ಇನ್ನೊಂದು, ಹೀಗೆ ಎರಡು ಉಳಿಯುತ್ತವೆ. ಅವೆರಡೂ ಸಮನಾಗಿ ಕಾಣುವವರೆಗೆ ಪದವನ್ನು ಸರಿಸಬೇಕು. ಚೆನ್ನಾಗಿ ಮಾಡಿದ ಫಾಂಟಿನಲ್ಲಿ ಇದಕ್ಕೆ ಹೆಚ್ಚು ಸರಿಸಬೇಕಾಗುವುದಿಲ್ಲ, ಏಕೆಂದರೆ ವಿನ್ಯಾಸಕರು ಅಕ್ಷರವನ್ನು ಮೊದಲೇ ಎಡಕ್ಕೆ ಎಳೆದು ಕೂರಿಸಿರುತ್ತಾರೆ. ಪಟ್ಟಿಯನ್ನೂ ಅಕ್ಷರದಂತೆಯೇ ಓರೆಯಾಗಿ ಕತ್ತರಿಸುವ ಆಸೆ ಅನೇಕರಿಗೆ ಬರುತ್ತದೆ. ಎರಡೂ ವಾಲಿದರೆ ಅಕ್ಷರದ ವಾಲು ಅಡಗಿಹೋಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ.

ಬೆಲೆ ಬರೆಯುವ ಪೋಸ್ಟರುಗಳಲ್ಲಿ ರೂಪಾಯಿ ಚಿಹ್ನೆಯನ್ನು ಪ್ರತ್ಯೇಕವಾಗಿ ನೋಡಬೇಕು. ಆ ಚಿಹ್ನೆ ಅಧಿಕೃತವಾದದ್ದು 2010ರಲ್ಲಿ. ಅದಕ್ಕಿಂತ ಹಳೆಯ ಫಾಂಟ್ ಕಡತಗಳಲ್ಲಿ ಅದು ಇರುವುದಿಲ್ಲವಾದ್ದರಿಂದ ತಂತ್ರಾಂಶ ಬೇರೊಂದು ಫಾಂಟಿನಿಂದ ತಂದು ಕೂರಿಸುತ್ತದೆ. ದಪ್ಪ ಓರೆ ಅಂಕಿಗಳ ಮುಂದೆ ತೆಳ್ಳಗಿನ ನೇರ ಚಿಹ್ನೆ ಒಂಟಿಯಾಗಿ ನಿಂತಿರುವುದು ನಮ್ಮ ಮಾರಾಟದ ಬ್ಯಾನರುಗಳಲ್ಲಿ ಬಹಳ ಸಾಮಾನ್ಯ.

ಬಣ್ಣ ಮತ್ತು ಮುದ್ರಣ

ಬಣ್ಣದ ಮೇಲೆ ಬಿಳಿಯ ಅಕ್ಷರವನ್ನು ಇಡಲು ದಪ್ಪ ರೂಪಗಳು ಅತ್ಯಂತ ಯೋಗ್ಯ. ನಾಲ್ಕು ಬಣ್ಣದ ಮುದ್ರಣದಲ್ಲಿ ಕಡುಗೆಂಪು ಎಂಬುದು ಮೆಜೆಂಟಾ ಮತ್ತು ಹಳದಿ ಶಾಯಿಗಳ ಕೂಡಿಕೆ. ಎರಡು ಅಚ್ಚುಗಳು ಕೂದಲೆಳೆಯಷ್ಟು ಅತ್ತಿತ್ತ ಆದರೂ ಬಿಳಿಯ ಅಕ್ಷರದ ಅಂಚಿಗೆ ಹಳದಿಯೋ ಗುಲಾಬಿಯೋ ಬಣ್ಣ ನುಸುಳುತ್ತದೆ. ತೆಳ್ಳಗಿನ ಅಕ್ಷರ ಅದರಲ್ಲಿ ಕರಗಿಹೋಗುತ್ತದೆ, ದಪ್ಪ ಅಕ್ಷರ ತಡೆದುಕೊಳ್ಳುತ್ತದೆ. ಕಾಗದ ಶಾಯಿಯನ್ನು ಹೀರಿ ಹರಡುವುದರಿಂದ ಬಣ್ಣದೊಳಗಿನ ಬಿಳಿಯ ಗೆರೆಗಳು ಸೊರಗುತ್ತವೆ, ಬಿಳಿಯ ಮೇಲಿನ ಕಪ್ಪು ಗೆರೆಗಳು ಊದುತ್ತವೆ. ಪತ್ರಿಕಾ ಕಾಗದದ ಮೇಲೆ ಕಪ್ಪಿನಲ್ಲಿ ಮುದ್ರಿಸುವುದಾದರೆ ಅತಿ ದಪ್ಪದ ಬದಲು ಒಂದು ಮೆಟ್ಟಿಲು ತೆಳು ರೂಪವನ್ನು ಆರಿಸಬೇಕು; ಇಲ್ಲವಾದರೆ ಸಣ್ಣ ‘ಎ’ ಮತ್ತು ‘ಇ’ಗಳ ಒಳಜಾಗ ಶಾಯಿಯಿಂದ ಮುಚ್ಚಿಹೋಗುತ್ತದೆ.

ಎಲ್ಲಿ ಬೇಡ

ಬಿಬಿಸಿಯ ಲಾಂಛನದ ಕಥೆ ಇಲ್ಲಿ ಉಪಯುಕ್ತ. 1980ರ ದಶಕದ ಕೊನೆಯಿಂದ ಅದರ ಮೂರು ಅಕ್ಷರಗಳು ಓರೆಯಾದ ಚೌಕಗಳೊಳಗೆ ದಪ್ಪ ಓರೆ ಸ್ಯಾನ್ಸ್ ಸೆರಿಫ್ ರೂಪದಲ್ಲಿ ಇದ್ದವು, ಕೆಳಗೆ ಮೂರು ಬಣ್ಣದ ಗೆರೆಗಳಿದ್ದವು. 1997ರಲ್ಲಿ ವಿನ್ಯಾಸಕ ಮಾರ್ಟಿನ್ ಲ್ಯಾಂಬಿ-ನೇರ್ನ್ ಅದನ್ನು ನೇರ ಚೌಕಗಳಿಗೂ ಗಿಲ್ ಸ್ಯಾನ್ಸ್‌ನ ನೇರ ಅಕ್ಷರಗಳಿಗೂ ಬದಲಾಯಿಸಿದರು. ಅಂದಿನ ತೆರೆಗಳ ಚುಕ್ಕಿಗಳು ದೊಡ್ಡವಾಗಿದ್ದುದರಿಂದ ಓರೆ ಅಂಚುಗಳು ಗರಗಸದಂತೆ ಹಲ್ಲುಹಲ್ಲಾಗಿ ಕಾಣುತ್ತಿದ್ದುದು ಅದಕ್ಕೊಂದು ಕಾರಣ. ಇಂದಿನ ಫೋನುಗಳ ತೆರೆಯಲ್ಲಿ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಆದರೆ ಬಸ್ ನಿಲ್ದಾಣಗಳಲ್ಲೂ ಅಂಗಡಿಗಳ ಮುಂದೆಯೂ ಇರುವ ಎಲ್‌ಇಡಿ ಫಲಕಗಳಲ್ಲಿ ಅದು ಹಾಗೆಯೇ ಇದೆ. ಅಲ್ಲಿ ಅಡ್ಡ, ಉದ್ದದ ಗೆರೆಗಳು ಮಾತ್ರ ಶುದ್ಧವಾಗಿ ಮೂಡುತ್ತವೆ. ಅಂಥ ಫಲಕಕ್ಕೆ ನೇರ ಅಕ್ಷರವೇ ಸರಿ.

ವಾಹನಗಳ ಮೇಲೆ ಬರೆಸುವವರು ಇನ್ನೊಂದು ಸಂಗತಿಯನ್ನು ಯೋಚಿಸಬೇಕು. ಓರೆ ಅಕ್ಷರ ಬಲಕ್ಕೆ ವಾಲುವುದರಿಂದ ಬಲಕ್ಕೆ ಮುಖ ಮಾಡಿದ ವಾಹನದ ಮೇಲೆ ಅದು ಮುಂದಕ್ಕೆ ನುಗ್ಗುವಂತೆ ಕಾಣುತ್ತದೆ. ನಮ್ಮಲ್ಲಿ ವಾಹನಗಳು ರಸ್ತೆಯ ಎಡಗಡೆ ಓಡುತ್ತವೆ, ಪಕ್ಕದ ಕಾಲುದಾರಿಯಲ್ಲಿ ನಿಂತವರಿಗೆ ಕಾಣುವುದು ವಾಹನದ ಎಡಬದಿ, ಅವರ ಕಣ್ಣಿಗೆ ವಾಹನದ ಮುಖ ಇರುವುದು ಎಡಕ್ಕೆ. ಅಂದರೆ ಹೆಚ್ಚು ಜನ ಹತ್ತಿರದಿಂದ ನೋಡುವ ಬದಿಯಲ್ಲಿಯೇ ಅಕ್ಷರಗಳು ಹಿಂದಕ್ಕೆ ವಾಲಿ, ವಾಹನವನ್ನು ಹಿಡಿದೆಳೆಯುತ್ತಿರುವಂತೆ ತೋರುತ್ತವೆ. ಎಡಕ್ಕೆ ವಾಲಿಸಿ ಬರೆಯುವುದು ಪರಿಹಾರವಲ್ಲ, ಅದನ್ನು ಓದುವ ಅಭ್ಯಾಸ ಯಾರಿಗೂ ಇಲ್ಲ. ವೇಗವೇ ಸಂದೇಶವಾಗಿದ್ದು ಎರಡೂ ಬದಿ ಮುಖ್ಯವಾಗಿದ್ದರೆ ಅಕ್ಷರವನ್ನು ನೇರವಾಗಿಟ್ಟು ಅದರ ಹಿಂದೆ ಪಟ್ಟೆಗಳನ್ನು ಓಡಿಸುವುದು ಉತ್ತಮ.

ಆಸ್ಪತ್ರೆಯ ದಿಕ್ಸೂಚಿ, ಅಪಾಯದ ಸೂಚನೆ, ಔಷಧದ ಹೆಸರು, ಶ್ರದ್ಧಾಂಜಲಿ ಇವುಗಳಿಗೆ ದಪ್ಪ ಓರೆ ಸಲ್ಲದು ಎಂದು ವಿವರಿಸಬೇಕಾಗಿಲ್ಲ.

ಕನ್ನಡದ ಪಕ್ಕದಲ್ಲಿ

ಕರ್ನಾಟಕದಲ್ಲಿ ಫಲಕವೋ ಪೋಸ್ಟರೋ ಎಂದರೆ ಬಹುಪಾಲು ಎರಡು ಲಿಪಿಗಳ ಕೆಲಸ. ಇಂಗ್ಲಿಷಿನ ಹೆಸರು ದಪ್ಪ ಓರೆಯಲ್ಲಿದ್ದಾಗ ಕನ್ನಡವನ್ನೂ ಹಾಗೆಯೇ ವಾಲಿಸಬೇಕು ಎಂದು ಗ್ರಾಹಕರು ಕೇಳುತ್ತಾರೆ, ವಿನ್ಯಾಸಕಾರರು ಗುಂಡಿ ಒತ್ತಿ ವಾಲಿಸಿಬಿಡುತ್ತಾರೆ. ಆದರೆ ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಎಂಬ ಕನ್ನಡ ಫಾಂಟುಗಳಲ್ಲಿ ಒಂದಕ್ಕೂ ವಿನ್ಯಾಸಕರು ಬರೆದ ಓರೆ ರೂಪವಿಲ್ಲ. ತೆರೆಯಲ್ಲಿ ಕಾಣುವುದು ಯಂತ್ರದ ವಾಲು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡು ನೋಡೋಣ. ಅಕ್ಷರಗಳ ಮೈ ತಳಗೆರೆಯಿಂದ ಮೇಲಕ್ಕೆ 100 ಮಿಲಿಮೀಟರ್ ಇದ್ದು, ನಕಾರದ ಒತ್ತು ತಳಗೆರೆಯಿಂದ 50 ಮಿಲಿಮೀಟರ್ ಕೆಳಗೆ ಇಳಿದಿದೆ ಎಂದುಕೊಳ್ಳೋಣ. ತಂತ್ರಾಂಶ ಸಾಮಾನ್ಯವಾಗಿ ತಳಗೆರೆಯನ್ನು ಸ್ಥಿರವಾಗಿಟ್ಟುಕೊಂಡು ವಾಲಿಸುವುದರಿಂದ ಅದರ ಮೇಲಿರುವುದೆಲ್ಲ ಬಲಕ್ಕೆ, ಕೆಳಗಿರುವುದೆಲ್ಲ ಎಡಕ್ಕೆ ಹೋಗುತ್ತದೆ. 12 ಡಿಗ್ರಿಗೆ ತಲಕಟ್ಟು ಸುಮಾರು 21 ಮಿಲಿಮೀಟರ್ ಬಲಕ್ಕೆ ಸರಿದು, ಒತ್ತಿನ ಬುಡ ಸುಮಾರು 10.6 ಮಿಲಿಮೀಟರ್ ಎಡಕ್ಕೆ ಸರಿಯುತ್ತದೆ. ನೇರ ರೂಪದಲ್ಲಿ ಅಕ್ಷರದ ಬಲಪಾದದ ಬಳಿ ನಿಂತಿದ್ದ ಒತ್ತು ಈಗ ಅಕ್ಷರದ ಅಡಿಗೆ ನುಸುಳಿದಂತಾಗುತ್ತದೆ, ಮೇಲಿನ ತಲಕಟ್ಟಿನ ಬಾಲ ಡಕಾರದ ಕಡೆಗೆ ಚಾಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ತಳಗೆರೆಯ ಕೆಳಗೆ ಇಳಿಯುವುದು ಕೆಲವೇ ಸಣ್ಣಕ್ಷರಗಳ ಬಾಲ. ಕನ್ನಡದಲ್ಲಿ ಒತ್ತಕ್ಷರ ಒಂದು ಪೂರ್ಣ ಅಂತಸ್ತು. ಲ್ಯಾಟಿನ್ ಲಿಪಿಗೆ ಒಗ್ಗಿದ ವಾಲು ಕನ್ನಡಕ್ಕೆ ಒಗ್ಗದಿರುವುದರ ಮುಖ್ಯ ಕಾರಣ ಇದೇ ಎಂದು ನಾನು ಭಾವಿಸುತ್ತೇನೆ.

ಉರುಟುಗಳ ತೊಂದರೆಯೂ ನಮ್ಮಲ್ಲಿ ಹೆಚ್ಚು. ಇಂಗ್ಲಿಷಿನ ಪದದಲ್ಲಿ ಒಂದೋ ಎರಡೋ ‘ಓ’ ಇರುತ್ತವೆ. ಕನ್ನಡದಲ್ಲಿ ರ, ಠ, ಸೊನ್ನೆ ಮಾತ್ರವಲ್ಲ, ಹೆಚ್ಚುಕಡಿಮೆ ಪ್ರತಿ ಅಕ್ಷರದ ಮೈಯೂ ಉರುಟು. ಶೇಕಡಾ 11ರ ಊತ ಮತ್ತು ಶೇಕಡಾ 10ರ ಸೊರಗು ಪ್ರತಿ ಅಕ್ಷರದಲ್ಲೂ ಮರುಕಳಿಸಿ ಇಡೀ ಪದ ಕಲೆಕಲೆಯಾಗಿ ಕಾಣುತ್ತದೆ. ಇದರ ಮೇಲೆ ಯಂತ್ರದ ದಪ್ಪವನ್ನೂ ಹೇರಿದರೆ, ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳನ್ನು ಬೇರ್ಪಡಿಸುವ ಬುಡದ ಸೀಳು ಮುಚ್ಚಿಕೊಳ್ಳುತ್ತದೆ, ಥಕಾರದ ಹೊಟ್ಟೆಯೊಳಗಿನ ಚುಕ್ಕಿ ಗೋಡೆಗೆ ಅಂಟುತ್ತದೆ. ‘ಧನ’ ಎಂದು ಬರೆಸಿದ್ದು ದೂರದಿಂದ ‘ದನ’ ಎಂದು ಓದಿಸಿಕೊಳ್ಳುವುದು ಸಣ್ಣ ವಿಷಯವಲ್ಲ.

ಆದ್ದರಿಂದ ನನ್ನ ಸಲಹೆ ಸ್ಪಷ್ಟ. ಇಂಗ್ಲಿಷ್ ದಪ್ಪ ಓರೆಯಲ್ಲಿರಲಿ, ಕನ್ನಡ ದಪ್ಪವಾಗಿ ನೇರವಾಗಿರಲಿ. ಎರಡರ ನಡುವೆ ಹೊಂದಾಣಿಕೆ ಬರಬೇಕಾದದ್ದು ಗೆರೆಯ ದಪ್ಪದಿಂದ, ಕೋನದಿಂದಲ್ಲ. ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹೆಚ್ಚುಕಡಿಮೆ ಮಾಡಿಕೊಳ್ಳಬಹುದಾದ್ದರಿಂದ, ಇಂಗ್ಲಿಷ್ ಅಕ್ಷರದ ಕಂಬವನ್ನು ಅಳೆದು, ಕನ್ನಡ ಅಕ್ಷರದ ಗೆರೆ ಅದಕ್ಕೆ ಸಮನಾಗಿ ಕಾಣುವವರೆಗೆ ಹೊಂದಿಸಿಕೊಳ್ಳುವುದು ಸಾಧ್ಯ. ಬಲೂ ತಮ್ಮದ ಮೈ ತುಂಬಿದ, ತುದಿ ದುಂಡಾದ ರೂಪ ಮಾಂಟ್ಸೆರಾಟ್‌ನಂಥ ಹರಿತ ಅಕ್ಷರದ ಪಕ್ಕ ಅಷ್ಟಾಗಿ ಹೊಂದುವುದಿಲ್ಲ. ಮಕ್ಕಳ ಕಾರ್ಯಕ್ರಮ, ತಿಂಡಿತಿನಿಸುಗಳ ಅಂಗಡಿಗೆ ಅದು ಚೆನ್ನ. ಕನ್ನಡದ ಗಾತ್ರವನ್ನು ನಿರ್ಧರಿಸುವಾಗ ಒತ್ತಕ್ಷರಗಳಿಗೂ ಕೆಳಗೆ ಜಾಗ ಉಳಿಯುವಂತೆ ಸಾಲಂತರವನ್ನು ಇಂಗ್ಲಿಷಿಗಿಂತ ಹೆಚ್ಚು ಬಿಡಬೇಕು.

ಕನ್ನಡ ವಾಲಲೇಬಾರದು ಎಂದು ಇದರ ಅರ್ಥವಲ್ಲ. ಕೈಯಲ್ಲಿ ಬರೆದ ಸಿನಿಮಾ ಶೀರ್ಷಿಕೆಗಳಲ್ಲಿ, ಗೋಡೆ ಬರಹಗಳಲ್ಲಿ, ಕುಂಚ ಹಿಡಿದವರು ಓರೆ ಕನ್ನಡವನ್ನು ಎಷ್ಟೋ ಸೊಗಸಾಗಿ ಬರೆದಿದ್ದಾರೆ. ಅವರು ನೇರ ಅಕ್ಷರವನ್ನು ತಳ್ಳಲಿಲ್ಲ, ಮೊದಲ ಎಳೆತದಿಂದಲೇ ಓರೆಯಾಗಿ ಬರೆದರು: ತಲಕಟ್ಟನ್ನು ಗಿಡ್ಡಗೊಳಿಸಿ, ಒತ್ತನ್ನು ಬಲಕ್ಕೆ ಎಳೆದು, ಅರ್ಕಾವತ್ತಿಗೆ ಜಾಗ ಮಾಡಿಕೊಟ್ಟು ಬರೆದರು. ಕಂಪ್ಯೂಟರಿನಲ್ಲಿ ಅದನ್ನು ಮಾಡುವುದಾದರೆ ಪದವನ್ನು ಆಕೃತಿಯಾಗಿ ಪರಿವರ್ತಿಸಿ, 6ರಿಂದ 8 ಡಿಗ್ರಿಗಿಂತ ಹೆಚ್ಚು ವಾಲಿಸದೆ, ಒತ್ತಕ್ಷರಗಳನ್ನು ಬಿಡಿಸಿ ಬಲಕ್ಕೆ ಸರಿಸಿ, ಉರುಟುಗಳ ಮೇಲಿನ ಬಲ ಮೂಲೆಯನ್ನು ಕೆತ್ತಿ, ಮೇಲಿನ ಎಡ ಮೂಲೆಯನ್ನು ತುಂಬಿ, ಪ್ರತಿ ಅಕ್ಷರವನ್ನೂ ತಿದ್ದಬೇಕು. ಒಂದು ಹೆಸರಿಗೋ ಒಂದು ಲಾಂಛನಕ್ಕೋ ಈ ಶ್ರಮ ಪಡಬಹುದು. ಹಾಗೆ ಮಾಡಿದಾಗ ಸಿಗುವ ಕನ್ನಡದ ಚೆಲುವು ಆ ಶ್ರಮಕ್ಕೆ ತಕ್ಕದ್ದು.

ಜಾಲತಾಣದಲ್ಲಿ

ಜಾಲಪುಟಗಳಲ್ಲಿ ಈ ಯಂತ್ರದ ವಾಲು ನಮಗೆ ತಿಳಿಯದಂತೆಯೇ ನುಸುಳುತ್ತದೆ. ಶೀರ್ಷಿಕೆಗೆ ಇಟಾಲಿಕ್ ಎಂದು ಶೈಲಿ ಕೊಟ್ಟು, ಫಾಂಟಿನ ಓರೆ ಕಡತವನ್ನು ಪುಟಕ್ಕೆ ಸೇರಿಸುವುದನ್ನು ಮರೆತರೆ, ಬ್ರೌಸರ್ ತಾನೇ ವಾಲಿಸುತ್ತದೆ. ಜಾಲಪುಟಗಳ ರೂಪವನ್ನು ನಿರ್ಧರಿಸುವ ಸಿಎಸ್ಎಸ್ ಭಾಷೆಯ ಈಗಿನ ನಿಯಮದಲ್ಲಿ ಕೋನ ಸೂಚಿಸದ ಓರೆಗೆ 14 ಡಿಗ್ರಿ ಎಂದು ಇಟ್ಟುಕೊಳ್ಳಲಾಗಿದೆ. ಹೀಗಾಗಿ ಮಾಂಟ್ಸೆರಾಟ್ ಬಳಸುವವರು ಅದರ ದಪ್ಪ ಇಟಾಲಿಕ್ ಅನ್ನು ಪ್ರತ್ಯೇಕವಾಗಿ ಆರಿಸಿ ಸೇರಿಸಬೇಕು. ಅಲ್ಲಿನ ಫಾಂಟ್ ಸಿಂಥಸಿಸ್ (font-synthesis) ಎಂಬ ಗುಣಕ್ಕೆ ‘ನನ್’ (none) ಎಂಬ ಮೌಲ್ಯ ಕೊಟ್ಟರೆ ಬ್ರೌಸರ್ ಸುಳ್ಳು ದಪ್ಪವನ್ನೂ ಸುಳ್ಳು ಓರೆಯನ್ನೂ ಮಾಡುವುದಿಲ್ಲ, ಕಡತ ಇಲ್ಲದಿದ್ದರೆ ನೇರ ಅಕ್ಷರವನ್ನೇ ತೋರಿಸುತ್ತದೆ. ಪರೀಕ್ಷೆಯ ಹಂತದಲ್ಲಿ ಇದನ್ನು ಹಾಕಿ ನೋಡುವುದು ತಪ್ಪು ಹಿಡಿಯುವ ಸುಲಭ ಉಪಾಯವೂ ಹೌದು.

ಎರಡೂ ಭಾಷೆಗಳಿರುವ ಪುಟದಲ್ಲಿ ಕನ್ನಡ ಭಾಗಗಳಿಗೆ ಭಾಷಾ ಸೂಚಕವನ್ನು ತಪ್ಪದೆ ಕೊಟ್ಟು, ಆ ಭಾಗಗಳಲ್ಲಿ ಓರೆಯ ಶೈಲಿಯನ್ನು ಸಾಮಾನ್ಯಕ್ಕೆ ಮರಳಿಸಿ, ಒತ್ತಿ ಹೇಳಬೇಕಾದ ಪದಕ್ಕೆ ದಪ್ಪವನ್ನೋ ಬಣ್ಣವನ್ನೋ ಕೊಡುವ ನಿಯಮವನ್ನು ಒಮ್ಮೆ ಬರೆದಿಟ್ಟರೆ ಸಾಕು. ವಾಟ್ಸ್ಆ್ಯಪ್ ಸಂದೇಶಗಳಲ್ಲಿ ಪದದ ಎರಡೂ ಕಡೆ ಅಡಿಗೆರೆ ಮತ್ತು ನಕ್ಷತ್ರ ಚಿಹ್ನೆಗಳನ್ನು ಇಟ್ಟು ಕನ್ನಡವನ್ನು ದಪ್ಪ ಓರೆ ಮಾಡುವವರೂ ನಕ್ಷತ್ರವನ್ನು ಮಾತ್ರ ಉಳಿಸಿಕೊಂಡರೆ ಒತ್ತಕ್ಷರಗಳು ತಮ್ಮ ಜಾಗದಲ್ಲೇ ಇರುತ್ತವೆ.